ನೆರಳಿನ ನಷ್ಟ 3% ಅಂತ ಬರೆದಿದ್ದರೆ ಒಮ್ಮೆ ನಿಂತು ಕೇಳಿ

ಸೋಲಾರ್ ಹಾಕಿಸುವವರು ಕೊಡುವ ಕೊಟೇಶನ್ ಜೊತೆ ಈಗೀಗ ಒಂದು ಸಿಮ್ಯುಲೇಶನ್ ರಿಪೋರ್ಟ್ ಕೂಡ ಬರುತ್ತದೆ. ವರ್ಷಕ್ಕೆ ಇಷ್ಟು ಯೂನಿಟ್, ಇಷ್ಟು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಗ್ರಾಫ್‌ಗಳು. ಅದರೊಳಗೆ ಎಲ್ಲೋ ಒಂದು ಮೂಲೆಯಲ್ಲಿ ‘ನೆರಳಿನ ನಷ್ಟ 3%’ ಅಂತ ಇರುತ್ತದೆ. ಆ 3 ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಎಷ್ಟೋ ಸಲ ಅದು ನಿಮ್ಮ ಟೆರೇಸ್ ನೋಡಿ ಬಂದ ಸಂಖ್ಯೆಯೇ ಆಗಿರುವುದಿಲ್ಲ. ಅಮೆರಿಕದ ಎನ್‌ಆರ್‌ಇಎಲ್ ಅನ್ನುವ ಸರ್ಕಾರಿ ಇಂಧನ ಪ್ರಯೋಗಾಲಯ ರೂಪಿಸಿದ ಪಿವಿವಾಟ್ಸ್ ಅನ್ನುವ ಉಚಿತ ಸೋಲಾರ್ ಕ್ಯಾಲ್ಕುಲೇಟರ್ ತೆರೆದು ನೋಡಿ. ಒಟ್ಟು ನಷ್ಟ ಸುಮಾರು 14% ಅಂತ ಅದರಲ್ಲಿ ಮೊದಲೇ ತುಂಬಿರುತ್ತದೆ. ಧೂಳಿಗೆ 2, ನೆರಳಿಗೆ 3, ವೈರಿಂಗ್‌ಗೆ 2, ಹೀಗೆ. ನೀವು ಮುಟ್ಟದಿದ್ದರೆ ಆ 3 ಹಾಗೇ ಉಳಿಯುತ್ತದೆ, ನಿಮ್ಮ ಮನೆ ಬಯಲಿನಲ್ಲಿರಲಿ, ಎರಡು ಅಪಾರ್ಟ್‌ಮೆಂಟ್ ನಡುವೆ ಇರಲಿ.

ಪಿವಿವಾಟ್ಸ್ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಅದು ಮೊದಲ ಅಂದಾಜಿಗೆ ಮಾಡಿದ ಸಾಧನ. ನನ್ನ ತಕರಾರು ಇರುವುದು ಆ ಅಂದಾಜನ್ನೇ ಲೆಕ್ಕ ಅಂತ ಕೊಡುವುದರ ಬಗ್ಗೆ. ಪಿವಿಲಿಬ್ ಅನ್ನುವ, ಸೋಲಾರ್ ಲೆಕ್ಕಕ್ಕೆಂದೇ ಇರುವ ಪೈಥಾನ್ ಲೈಬ್ರರಿ ಇಟ್ಟುಕೊಂಡು ಈ ನೆರಳಿನ ಹಿಂದೆ ಬಿದ್ದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ನೆರಳು ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ಸೆಲ್ ಮೇಲಿದೆ, ಯಾವ ಹೊತ್ತಿಗೆ ಬೀಳುತ್ತದೆ, ಆ ಪ್ಯಾನೆಲ್ ಬೇರೆ ಯಾವುದರ ಜೊತೆ ಜೋಡಿಸಿದೆ ಅನ್ನುವುದು ಜಾಸ್ತಿ ಮುಖ್ಯ. ಇಷ್ಟನ್ನು ಕೇಳದೆ ಕೊಟ್ಟ ನೆರಳಿನ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಮೊದಲು ಒಂದೇ ಪ್ಯಾನೆಲ್ ನೋಡೋಣ. ಹಳೆಯ 60 ಸೆಲ್‌ನ ಪ್ಯಾನೆಲ್ ತಗೊಳ್ಳಿ, ಸುಮಾರು 30 ವೋಲ್ಟ್, 9 ಆಂಪಿಯರ್, ಅಂದರೆ 270 ವ್ಯಾಟ್. ಒಂದೊಂದು ಸೆಲ್ ಕೊಡುವುದು ಅರ್ಧ ವೋಲ್ಟ್ ಮಾತ್ರ, ಅದಕ್ಕೇ 60 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಸರಣಿ ಅಂದರೆ ಎಲ್ಲ ಸೆಲ್‌ನಲ್ಲೂ ಒಂದೇ ಕರೆಂಟ್ ಹರಿಯಬೇಕು. ಮನೆಗೆ ಮೋಲ್ಡ್ ಹಾಕುವ ದಿನ ಕೆಳಗಿನಿಂದ ಮೇಲಿನ ತನಕ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅಲ್ಲಿ ಒಬ್ಬರು ನಿಧಾನವಾದರೆ ಇಡೀ ಸಾಲು ಅವರ ವೇಗಕ್ಕೇ ಇಳಿಯುತ್ತದೆ. ನೆರಳು ಬಿದ್ದ ಸೆಲ್ ಮಾಡುವುದೂ ಅದನ್ನೇ. ಇದಕ್ಕೆ ಪರಿಹಾರವಾಗಿ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ಒಂದೊಂದು ಡಯೋಡ್ 20 ಸೆಲ್‌ಗಳ ಒಂದು ಗುಂಪನ್ನು ನೋಡಿಕೊಳ್ಳುತ್ತದೆ. ಗುಂಪಿನಲ್ಲಿ ಒಂದು ಸೆಲ್ ಹಿಂದೆ ಬಿದ್ದರೆ ಆ ಗುಂಪನ್ನೇ ಬಿಟ್ಟು ಕರೆಂಟ್ ಪಕ್ಕದ ದಾರಿಯಲ್ಲಿ ಹೋಗುತ್ತದೆ.

ಈಗ ಒಂದೇ ಒಂದು ಸೆಲ್‌ನ ಅರ್ಧಕ್ಕೆ ನೆರಳು ಬಿತ್ತು ಅಂದುಕೊಳ್ಳಿ. ವಿಸ್ತೀರ್ಣದ ಲೆಕ್ಕದಲ್ಲಿ 1% ಕೂಡ ಆಗಲಿಲ್ಲ. ಪ್ಯಾನೆಲ್‌ನ ವಿದ್ಯುತ್ತನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವುದೂ, ಪ್ಯಾನೆಲ್‌ನಿಂದ ಎಷ್ಟು ಕರೆಂಟ್ ಎಳೆಯಬೇಕು ಅಂತ ತೀರ್ಮಾನಿಸುವುದೂ ಇನ್ವರ್ಟರ್. ಅದರ ಮುಂದೆ ಈಗ ಎರಡು ದಾರಿ ಇವೆ. ಎಲ್ಲ ಸೆಲ್ ಇಟ್ಟುಕೊಂಡು ಕರೆಂಟ್ ಅನ್ನು 4.5 ಆಂಪಿಯರ್‌ಗೆ ಇಳಿಸುವುದು ಒಂದು. ಆಗ ವೋಲ್ಟೇಜ್ ಸ್ವಲ್ಪ ಏರಿ ಸುಮಾರು 146 ವ್ಯಾಟ್ ಸಿಗುತ್ತದೆ. ಆ ಗುಂಪನ್ನು ಬಿಟ್ಟು 9 ಆಂಪಿಯರ್ ಉಳಿಸಿಕೊಳ್ಳುವುದು ಇನ್ನೊಂದು. ಆಗ ಎರಡು ಗುಂಪಿನ 20 ವೋಲ್ಟ್‌ನಲ್ಲಿ ಡಯೋಡಿಗೆ ಅರ್ಧ ವೋಲ್ಟ್ ಹೋಗಿ ಸುಮಾರು 175 ವ್ಯಾಟ್. ಎರಡನೆಯದೇ ವಾಸಿ, ಆದರೂ 35% ಹೋಯಿತು. ನೆರಳು 1% ಗಿಂತ ಕಡಿಮೆ, ನಷ್ಟ 35%. ಅದೇ ನೆರಳು ತೆಳುವಾಗಿದ್ದು ಆ ಸೆಲ್‌ಗೆ 80% ಬೆಳಕು ಸಿಗುತ್ತಿದ್ದರೆ ಗುಂಪು ಬಿಡುವುದಕ್ಕಿಂತ ಕರೆಂಟ್ ಇಳಿಸುವುದೇ ಲಾಭ. ಈ ಪ್ಯಾನೆಲ್‌ನಲ್ಲಿ ಆ ತಿರುವು ಬರುವುದು ಬೆಳಕು ಸುಮಾರು 60% ಗೆ ಇಳಿದಾಗ. ಅದಕ್ಕಿಂತ ಕಪ್ಪಾದ ನೆರಳು ಇನ್ನೆಷ್ಟು ಕಪ್ಪಾದರೂ ನಷ್ಟ ಜಾಸ್ತಿ ಆಗುವುದಿಲ್ಲ, ಯಾಕೆಂದರೆ ಆ ಗುಂಪು ಹೇಗೂ ಹೋಗಿದೆ. ಸಿಮ್ಯುಲೇಶನ್‌ನಲ್ಲಿ ಇದನ್ನು ಗೆರೆಯಾಗಿ ಎಳೆದು ನೋಡಿದರೆ ಮೊದಲು ಇಳಿಜಾರು, ಆಮೇಲೆ ಸಮತಟ್ಟು. ಈ ಆಕಾರವನ್ನು ಯಾವ ಶೇಕಡಾವಾರು ಸಂಖ್ಯೆಯೂ ಹಿಡಿಯಲಾರದು.

ಬಿಟ್ಟ ಗುಂಪಿನೊಳಗೆ ಏನಾಗುತ್ತಿದೆ ಅನ್ನುವುದು ಇನ್ನೂ ಕುತೂಹಲದ ವಿಷಯ. ಉಳಿದ 19 ಸೆಲ್‌ಗಳ ವೋಲ್ಟೇಜ್ ಎಲ್ಲ ಆ ನೆರಳಿನ ಸೆಲ್ ಮೇಲೆ ಉಲ್ಟಾ ಬೀಳುತ್ತದೆ, ಸುಮಾರು 11 ವೋಲ್ಟ್. ಅದರಲ್ಲಿ 4.5 ಆಂಪಿಯರ್ ಹರಿಯುತ್ತಿದ್ದರೆ 50 ವ್ಯಾಟ್ ಶಾಖ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸಿಲಿಕಾನ್ ತುಂಡಿನಲ್ಲಿ. ಹಾಟ್‌ಸ್ಪಾಟ್ ಅನ್ನುವುದು ಇದಕ್ಕೇ. ಡಯೋಡ್ ಇದ್ದೂ ಇಷ್ಟು, ಇಲ್ಲದಿದ್ದರೆ ಇನ್ನೂ ಅಪಾಯ. ಸೆಲ್‌ನ ಕರೆಂಟ್, ವೋಲ್ಟೇಜ್ ಲೆಕ್ಕಕ್ಕೆ ಬಳಸುವ ಮಾಮೂಲಿ ಸಿಂಗಲ್ ಡಯೋಡ್ ಸಮೀಕರಣ ಈ ಉಲ್ಟಾ ವೋಲ್ಟೇಜ್‌ನ ವರ್ತನೆಯನ್ನು ತೋರಿಸುವುದಿಲ್ಲ. ಅದಕ್ಕೆ ಒಂದು ಪದ ಸೇರಿಸಿ ದಾರಿ ಮಾಡಿಕೊಟ್ಟಿದ್ದು 1988ರಲ್ಲಿ ಬಿಷಪ್ ಅನ್ನುವ ಸಂಶೋಧಕರು ಬರೆದ ಪ್ರಬಂಧ. ಪಿವಿಲಿಬ್‌ನಲ್ಲಿ ಇವತ್ತಿಗೂ ಆ ಫಂಕ್ಷನ್ ಹೆಸರು ‘ಬಿಷಪ್88’. ನೆರಳಿನ ಲೆಕ್ಕ ಸ್ವತಃ ಮಾಡಿ ನೋಡಬೇಕು ಅನ್ನುವವರು ಅಲ್ಲಿಂದಲೇ ಶುರು ಮಾಡಿ, ಮೊದಲು ಒಂದು ಸೆಲ್, ಆಮೇಲೆ 20 ಸೆಲ್ ಮತ್ತು ಒಂದು ಡಯೋಡ್.

ಇನ್ನು ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳ ಸಾಲಿಗೆ, ಅಂದರೆ ಸ್ಟ್ರಿಂಗ್‌ಗೆ ಬರೋಣ. ‘ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೆ ಇಡೀ ಸ್ಟ್ರಿಂಗ್ ಸತ್ತ ಹಾಗೆ’ ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ಒಂದೊಂದು ಪ್ಯಾನೆಲ್‌ನ ಕರೆಂಟನ್ನೂ ಬೇರೆಬೇರೆಯಾಗಿ ಹೊಂದಿಸುವ ಆಪ್ಟಿಮೈಸರ್ ಅನ್ನುವ ದುಬಾರಿ ಸಾಧನ ಮಾರುವಾಗ ಈ ಮಾತು ಜೋರಾಗಿಯೇ ಕೇಳಿಸುತ್ತದೆ. ಬೈಪಾಸ್ ಡಯೋಡ್ ಕೆಲಸ ಮಾಡುತ್ತಿದ್ದರೆ ಇದು ನಿಜವಲ್ಲ. 10 ಪ್ಯಾನೆಲ್‌ನ ಸ್ಟ್ರಿಂಗ್‌ನಲ್ಲಿ 30 ಗುಂಪು ಇರುತ್ತವೆ. ಒಂದು ಸೆಲ್ ಪೂರ್ತಿ ಕಪ್ಪಾದರೂ ಹೋಗುವುದು ಒಂದು ಗುಂಪು, ಅಂದರೆ ಮೂರೂವರೆ ಶೇಕಡಾ ಆಸುಪಾಸು. ಒಂದೇ ಪ್ಯಾನೆಲ್ ಇದ್ದಾಗ 35% ನುಂಗಿದ ಅದೇ ನೆರಳು ಇಲ್ಲಿ ಅದರ ಹತ್ತನೇ ಒಂದು ಪಾಲು. ಹಾಗಾದರೆ ನೆರಳು ದೊಡ್ಡ ವಿಷಯವೇ ಅಲ್ವಾ ಅಂತ ಕೇಳಿದರೆ, ಅದು ಆ ನೆರಳು ಎಷ್ಟು ಗುಂಪುಗಳನ್ನು ಮುಟ್ಟುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಳೆಯ ಮಾದರಿ ಪ್ಯಾನೆಲ್‌ನಲ್ಲಿ ಮೂರು ಗುಂಪುಗಳೂ ಉದ್ದದ ದಿಕ್ಕಿನಲ್ಲಿ ಹಾದುಹೋಗುತ್ತವೆ. ಪ್ಯಾನೆಲ್ ನಿಲ್ಲಿಸಿಟ್ಟಾಗ ಪ್ಯಾರಾಪೆಟ್ ಗೋಡೆಯ ನೆರಳು ಕೆಳಗಿನ ಒಂದು ಗೇಣು ಮುಟ್ಟಿದರೆ ಮೂರು ಗುಂಪೂ ಹೋದವು, ಪ್ಯಾನೆಲ್ ಪೂರ್ತಿ ಹೋಯಿತು. ಅದೇ ಪ್ಯಾನೆಲ್ ಅಡ್ಡ ಮಲಗಿಸಿಟ್ಟಿದ್ದರೆ ಒಂದು ಗುಂಪು ಮಾತ್ರ ಹೋಗಿ ಮೂರರಲ್ಲಿ ಎರಡು ಪಾಲು ಉಳಿಯುತ್ತಿತ್ತು. ಗೋಡೆ ಅದೇ, ನೆರಳು ಅದೇ.

ಈಗ ಬರುವ ಹಾಫ್‌ಕಟ್, ಅಂದರೆ ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಪ್ಯಾನೆಲ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಮಾರಾಟದ ಮಾತಿಗೂ ಸಿಮ್ಯುಲೇಶನ್‌ಗೂ ಅಂತರ ಇದೆ. 144 ಅರ್ಧ ಸೆಲ್‌ನ ಪ್ಯಾನೆಲ್‌ನಲ್ಲಿ ಮೇಲರ್ಧ, ಕೆಳಗರ್ಧ ಎರಡೂ ಸಮಾಂತರವಾಗಿ ಜೋಡಿಸಿರುತ್ತವೆ. ಕೆಳಗರ್ಧಕ್ಕೆ ನೆರಳು ಬಿದ್ದರೂ ಮೇಲರ್ಧ ಕೆಲಸ ಮಾಡುತ್ತದೆ, ಅರ್ಧ ಉತ್ಪಾದನೆ ಉಳಿಯುತ್ತದೆ ಅಂತ ಹೇಳುತ್ತಾರೆ. ಒಂದು ಪ್ಯಾನೆಲ್ ಮಟ್ಟಿಗೆ ಸರಿ. ಆದರೆ ಮನೆ ಮೇಲೆ ಅದು ಒಂಟಿಯಾಗಿ ಇರುವುದಿಲ್ಲ. 550 ವ್ಯಾಟ್‌ನ ಆರು ಪ್ಯಾನೆಲ್ ಒಂದೇ ಸ್ಟ್ರಿಂಗ್‌ನಲ್ಲಿವೆ ಅಂದುಕೊಳ್ಳಿ. ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ 3 ಕಿಲೋವ್ಯಾಟ್‌ಗೆ ನಿಲ್ಲುವುದರಿಂದ ಮನೆಗಳಲ್ಲಿ ಈ ಅಳತೆ ಸಾಮಾನ್ಯ. ಒಂದೊಂದು ಪ್ಯಾನೆಲ್ 42 ವೋಲ್ಟ್, 13 ಆಂಪಿಯರ್ ಹತ್ತಿರ. ಒಂದು ಪ್ಯಾನೆಲ್‌ನ ಕೆಳಗರ್ಧ ಮಾತ್ರ ನೆರಳಾದರೆ, ಅದರ ಮೇಲರ್ಧ ಕೊಡಬಲ್ಲದ್ದು ಆರೂವರೆ ಆಂಪಿಯರ್. ಆದರೆ ಉಳಿದ ಐದು ಪ್ಯಾನೆಲ್ 13 ಆಂಪಿಯರ್ ಹರಿಸುತ್ತಿವೆ. ಆ ಐದನ್ನು ಅರ್ಧಕ್ಕೆ ಇಳಿಸಿದರೆ ಸಿಗುವುದು ಸುಮಾರು 1,750 ವ್ಯಾಟ್, ನೆರಳಿನ ಪ್ಯಾನೆಲ್ ಅನ್ನು ಪೂರ್ತಿ ಬಿಟ್ಟರೆ ಸುಮಾರು 2,730. ಇನ್ವರ್ಟರ್ ಆರಿಸಿಕೊಳ್ಳುವುದು ಎರಡನೆಯದನ್ನೇ. ಅಂದರೆ ಹಾಫ್‌ಕಟ್ ಇದ್ದೂ ಆ ಪ್ಯಾನೆಲ್ ಸೊನ್ನೆ. ಮೂರು ಪ್ಯಾನೆಲ್‌ಗಳ ಕೆಳಗರ್ಧ ನೆರಳಾದರೆ ಚಿತ್ರ ತಿರುಗುತ್ತದೆ. ಬಿಟ್ಟರೆ ಸುಮಾರು 1,590, ಅರ್ಧ ಕರೆಂಟ್‌ನಲ್ಲಿ ಎಲ್ಲವನ್ನೂ ಓಡಿಸಿದರೆ ಸುಮಾರು 1,700. ಆರಕ್ಕೂ ಒಂದೇ ಸಮ ನೆರಳು ಬಿದ್ದಾಗ ಹಾಫ್‌ಕಟ್‌ನ ಪೂರ್ತಿ ಲಾಭ ಸಿಗುತ್ತದೆ, 1,650 ಹತ್ತಿರ ಉಳಿಯುತ್ತದೆ. ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಮೇಲೆ ಉದ್ದಕ್ಕೂ ಬೀಳುವ ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಹಾಫ್‌ಕಟ್ ಅಷ್ಟು ಉಪಯೋಗಕ್ಕೆ ಬರುವುದು ಇದಕ್ಕೇ. ಮನೆ ಮೇಲಿನ ಟ್ಯಾಂಕ್ ನೆರಳಿಗೆ ಅದು ಅಷ್ಟಾಗಿ ಆಗಿಬರುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಸಮಾಂತರ ಸ್ಟ್ರಿಂಗ್‌ನ ಲೆಕ್ಕ. 550 ವ್ಯಾಟ್‌ನ 20 ಪ್ಯಾನೆಲ್, ಹತ್ತು ಹತ್ತರ ಎರಡು ಸ್ಟ್ರಿಂಗ್, ಒಟ್ಟು 11 ಕಿಲೋವ್ಯಾಟ್. ಒಂದು ಸ್ಟ್ರಿಂಗ್‌ನ ಮೂರು ಪ್ಯಾನೆಲ್ ಮೇಲೆ ಪೂರ್ತಿ ನೆರಳು. ಸರಳ ಮಾಡಲು ನೆರಳಿನಲ್ಲಿ ಬೆಳಕೇ ಇಲ್ಲ ಅಂದುಕೊಳ್ಳೋಣ, ನಿಜದಲ್ಲಿ ಆಕಾಶದ ಬೆಳಕು ಸ್ವಲ್ಪ ಇರುವುದರಿಂದ ಸಂಖ್ಯೆಗಳು ಅಷ್ಟಿಷ್ಟು ಬದಲಾಗುತ್ತವೆ. ಎರಡು ಸ್ಟ್ರಿಂಗ್‌ಗೂ ಬೇರೆಬೇರೆ ಎಂಪಿಪಿಟಿ (ಅತಿ ಹೆಚ್ಚು ಪವರ್ ಸಿಗುವ ವೋಲ್ಟೇಜ್ ಹುಡುಕುವ ಇನ್ವರ್ಟರ್‌ನ ಭಾಗ) ಇದ್ದರೆ 9.3 ಕಿಲೋವ್ಯಾಟ್ ಸಿಗುತ್ತದೆ. ಎರಡನ್ನೂ ಒಂದೇ ಎಂಪಿಪಿಟಿಗೆ ಸೇರಿಸಿದ್ದರೆ ಎರಡಕ್ಕೂ ಒಂದೇ ವೋಲ್ಟೇಜ್ ಆಗಬೇಕು, ಚೆನ್ನಾಗಿರುವ ಸ್ಟ್ರಿಂಗ್ ಕೂಡ ಏಳು ಪ್ಯಾನೆಲ್‌ನ ವೋಲ್ಟೇಜ್‌ಗೆ ಇಳಿಯಬೇಕು, ಆಗ ಸುಮಾರು 7.8. ಇನ್ವರ್ಟರ್ ಕೆಳಗಿನ ವೋಲ್ಟೇಜ್ ಹುಡುಕದೆ ಮೇಲೆಯೇ, 420 ವೋಲ್ಟ್ ಹತ್ತಿರವೇ ಸಿಕ್ಕಿಹಾಕಿಕೊಂಡರೆ ನೆರಳಿನ ಸ್ಟ್ರಿಂಗ್ ಒಂದು ಆಂಪಿಯರ್ ಕೂಡ ಕೊಡುವುದಿಲ್ಲ, 5.5 ಮಾತ್ರ. ನೆರಳು ಬಿದ್ದ ಜಾಗ ಮೂರರಲ್ಲೂ ಒಂದೇ, 15%. ನಷ್ಟ ಮಾತ್ರ 15%, 29%, 50%. ಜ್ಯಾಮಿತಿಯನ್ನು ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ವೈರಿಂಗ್ ಗೊತ್ತಿಲ್ಲದ ಸಿಮ್ಯುಲೇಶನ್ ಈ ಮೂರರಲ್ಲಿ ಯಾವುದು ಅಂತ ಹೇಳಲಾರದು.

ಆ ಸಿಕ್ಕಿಹಾಕಿಕೊಳ್ಳುವ ವಿಷಯ ಸಣ್ಣದಲ್ಲ. ನೆರಳು ಇಲ್ಲದಾಗ ವೋಲ್ಟೇಜ್‌ಗೆ ಎದುರಾಗಿ ಪವರ್ ಬಿಡಿಸಿದರೆ ಒಂದೇ ಗುಡ್ಡ ಕಾಣುತ್ತದೆ. ನೆರಳು ಬಿದ್ದಾಗ ಎರಡು ಮೂರು ಗುಡ್ಡ. ಇನ್ವರ್ಟರ್ ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಅಲುಗಾಡಿಸಿ ಏರುವ ದಿಕ್ಕು ಹುಡುಕುತ್ತದೆ, ಹಾಗಾಗಿ ಹತ್ತಿರದ ಸಣ್ಣ ಗುಡ್ಡದ ಮೇಲೆ ನಿಂತು ಇದೇ ತುದಿ ಅಂದುಕೊಳ್ಳಬಹುದು. ಈಗಿನ ಎಷ್ಟೋ ಇನ್ವರ್ಟರ್‌ಗಳಲ್ಲಿ ಆಗಾಗ ಇಡೀ ವ್ಯಾಪ್ತಿಯನ್ನು ಒಮ್ಮೆ ತಡಕಾಡುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದೆಯಾ ಅಂತ ನೋಡಿ. ಸಿಮ್ಯುಲೇಶನ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಇನ್ವರ್ಟರ್ ಯಾವಾಗಲೂ ಅತಿ ಎತ್ತರದ ಗುಡ್ಡವನ್ನೇ ಹುಡುಕಿತು ಅಂತಲೇ ಲೆಕ್ಕ ಹಾಕುತ್ತದೆ.

ಇನ್ನು ಸೂರ್ಯನ ದಾರಿ. ಯುರೋಪಿನವರು ಬರೆದ ಪಾಠಗಳಲ್ಲಿ ದಕ್ಷಿಣಕ್ಕೆ ಏನೂ ಅಡ್ಡ ಇರದಿದ್ದರೆ ಸಾಕು ಅಂತ ಇರುತ್ತದೆ. ನಮಗೆ ಅದು ಸಾಲದು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬಂದು, ಆಮೇಲೆ ಆಗಸ್ಟ್ 18ರ ತನಕ ಉತ್ತರಕ್ಕೇ ಇರುತ್ತಾನೆ. ಜೂನ್‌ನಲ್ಲಿ ಹುಟ್ಟುವುದೇ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ. ಹಾಗಾಗಿ ಮನೆಯ ಈಶಾನ್ಯ ಮೂಲೆಯ ಮೆಟ್ಟಿಲ ಕೋಣೆ ಬೇಸಿಗೆಯ ಬೆಳಗ್ಗೆ ಪ್ಯಾನೆಲ್‌ಗೆ ಅಡ್ಡ ಬರುತ್ತದೆ. ದಕ್ಷಿಣದ ತೊಂದರೆ ಚಳಿಗಾಲದ್ದು. ಡಿಸೆಂಬರ್ 21ಕ್ಕೆ ಮಧ್ಯಾಹ್ನ ಸೂರ್ಯನ ಎತ್ತರ 53 ಡಿಗ್ರಿ ಚಿಲ್ಲರೆ. 2 ಮೀಟರ್ ಎತ್ತರದ ಟ್ಯಾಂಕ್‌ನ ನೆರಳು ಆಗ ಒಂದೂವರೆ ಮೀಟರ್ ಉತ್ತರಕ್ಕೆ ಚಾಚುತ್ತದೆ. ಸೂರ್ಯಮಾನದ 8 ಗಂಟೆಗೆ, ಅಂದರೆ ನಮ್ಮ ಗಡಿಯಾರದಲ್ಲಿ ಸುಮಾರು 8:18ಕ್ಕೆ, ಅದೇ ನೆರಳು 5 ಮೀಟರ್ ದಾಟಿರುತ್ತದೆ. ಆದರೆ ಆ ಹೊತ್ತಿನ ಬಿಸಿಲೇ ಕಮ್ಮಿ, ನಷ್ಟವೂ ಕಮ್ಮಿ. 10ರಿಂದ 2ರ ನಡುವಿನ ನೆರಳಿಗೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಮಳೆಗಾಲ ಈ ಲೆಕ್ಕವನ್ನು ಇನ್ನೊಂದು ರೀತಿ ಬದಲಿಸುತ್ತದೆ. ನೆರಳು ತಡೆಯುವುದು ನೇರ ಬಿಸಿಲನ್ನು. ದಟ್ಟ ಮೋಡದ ದಿನ ಬರುವುದೆಲ್ಲ ಆಕಾಶದ ಚದುರಿದ ಬೆಳಕು, ಅದಕ್ಕೆ ಟ್ಯಾಂಕ್ ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ. ಉತ್ತರದ ಮರ ಜೂನ್ ಜುಲೈನಲ್ಲಿ ಅಡ್ಡ ಬರುತ್ತದೆ ಅಂತ ಬರೀ ಸೂರ್ಯನ ದಾರಿ ನೋಡಿ ಕಡಿಸಲು ಹೊರಟವರಿಗೆ ನಾನು ಹೇಳುವುದು ಇದನ್ನೇ. ಆ ತಿಂಗಳಲ್ಲಿ ಅಡ್ಡ ಬರಲು ಬಿಸಿಲಾದರೂ ಎಷ್ಟಿದೆ ನೋಡಿ. ತೀರ್ಥಹಳ್ಳಿ ಕಡೆ ಆದರಂತೂ ಇನ್ನೂ ಕಡಿಮೆ. ಹವಾಮಾನದ ಫೈಲ್ ಹಾಕಿ ಗಂಟೆ ಗಂಟೆಗೆ ಓಡಿಸಿದರೆ ಆ ಮರದ ನಿಜವಾದ ಖರ್ಚು ಬಹುಪಾಲು ಮೇ ತಿಂಗಳಲ್ಲೇ ಕಾಣುತ್ತದೆ. ಅಷ್ಟಕ್ಕೆ ಒಂದು ಹೊಂಗೆ ಮರ ಕಡಿಯುವುದು ನನಗೆ ಒಪ್ಪಿಗೆಯಿಲ್ಲ.

ತೆಳು ನೆರಳುಗಳ ವಿಷಯದಲ್ಲಿ ಸಾಫ್ಟ್‌ವೇರ್ ಅತಿಯಾಗಿ ಹೆದರಿಸುತ್ತದೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಒಂದು ಸೆಂಟಿಮೀಟರ್ ದಪ್ಪದ ಕೇಬಲ್‌ನ ಗಾಢ ನೆರಳು ಒಂದು ಮೀಟರ್ ಆಚೆಗೆ ಉಳಿಯುವುದೇ ಇಲ್ಲ, ಮಸುಕಾಗಿ ಹರಡಿಕೊಳ್ಳುತ್ತದೆ. ಹೆಚ್ಚಿನ ಸಾಫ್ಟ್‌ವೇರ್ ಸೂರ್ಯನನ್ನು ಒಂದು ಚುಕ್ಕೆ ಅಂತ ಹಿಡಿದು ಚಾಕುವಿನಿಂದ ಕೊಯ್ದಂಥ ನೆರಳು ಬಿಡಿಸುತ್ತದೆ. ದೂರದ ಟಿವಿ ಕೇಬಲ್ ಬಿಟ್ಟುಬಿಡಿ. ಪ್ಯಾನೆಲ್‌ಗೆ ಅಂಟಿಕೊಂಡಂತೆ ನಿಂತಿರುವ ಪೈಪ್ ಮಾತ್ರ ಬಿಡಬೇಡಿ.

ನಿಮ್ಮ ಕೈಗೆ ಬಂದ ರಿಪೋರ್ಟ್ ಪಿವಿಸಿಸ್ಟ್‌ನದ್ದಾದರೆ, ಜಿನೀವಾ ವಿಶ್ವವಿದ್ಯಾಲಯದಲ್ಲಿ ಆಂಡ್ರೆ ಮರ್ಮೂ ಶುರು ಮಾಡಿದ ಸಾಫ್ಟ್‌ವೇರ್ ಅದು, ಕೊನೆಯ ನಷ್ಟದ ಚಿತ್ರದಲ್ಲಿ ಎರಡು ಸಾಲು ಹುಡುಕಿ. ‘ನಿಯರ್ ಶೇಡಿಂಗ್ಸ್’ ಅನ್ನುವುದು ತಡೆದ ಬೆಳಕು. ‘ಶೇಡಿಂಗ್ಸ್: ಎಲೆಕ್ಟ್ರಿಕಲ್ ಲಾಸ್’ ಅನ್ನುವುದು ನಾನು ಮೇಲೆ ಹೇಳಿದ ಗುಂಪು, ಸ್ಟ್ರಿಂಗ್‌ಗಳ ಕಥೆ. ಎರಡನೇ ಸಾಲೇ ಇಲ್ಲದಿದ್ದರೆ ಲೀನಿಯರ್ ಮೋಡ್‌ನಲ್ಲಿ ಓಡಿಸಿರುವ ಸಾಧ್ಯತೆ ಇದೆ, ಅಂದರೆ 1% ನೆರಳಿಗೆ 1% ನಷ್ಟ ಅಂತ. ಎರಡೂ ಸಾಲು ಇಲ್ಲದಿದ್ದರೆ ಟೆರೇಸ್‌ನ 3ಡಿ ಚಿತ್ರವನ್ನೇ ಬಿಡಿಸಿಲ್ಲ. ಮಾಡ್ಯೂಲ್ ಲೇಔಟ್ ಮಾಡಿ, ಅಂದರೆ ಯಾವ ಪ್ಯಾನೆಲ್ ಎಲ್ಲಿದೆ, ಯಾವ ಸ್ಟ್ರಿಂಗ್‌ಗೆ ಸೇರಿದೆ ಅಂತ ತೋರಿಸಿ, ಮತ್ತೆ ಓಡಿಸಿ ಕೊಡಿ ಅಂತ ಕೇಳಿ. ಲಕ್ಷಗಟ್ಟಲೆ ದುಡ್ಡು ಕೊಡುವವರು ಇಷ್ಟು ಕೇಳುವುದರಲ್ಲಿ ಸಂಕೋಚ ಬೇಡ.

ಈಗಾಗಲೇ ಪ್ಯಾನೆಲ್ ಹಾಕಿಸಿದವರು ಇನ್ವರ್ಟರ್ ಆ್ಯಪ್‌ನ ಗ್ರಾಫ್ ನೋಡಿ. ಮೋಡ ಇಲ್ಲದ ದಿನ ಅದು ನುಣುಪಾದ ಕಮಾನಿನಂತೆ ಇರಬೇಕು. ದಿನಾ ಅದೇ ಹೊತ್ತಿಗೆ ಮೆಟ್ಟಿಲಿನಂತೆ ಕೆಳಗಿಳಿದು ಮತ್ತೆ ಏರುತ್ತಿದ್ದರೆ ಅದು ಬೈಪಾಸ್ ಡಯೋಡ್‌ನ ಕೆಲಸ. ಆರು ಪ್ಯಾನೆಲ್‌ನ ಸ್ಟ್ರಿಂಗ್‌ನಲ್ಲಿ ಇಳಿತ ಆರರಲ್ಲಿ ಒಂದು ಪಾಲಾದರೆ ಒಂದು ಪ್ಯಾನೆಲ್, ಹದಿನೆಂಟರಲ್ಲಿ ಒಂದು ಪಾಲಾದರೆ ಒಂದು ಗುಂಪು. ಆ ಹೊತ್ತಿಗೆ ಮೇಲೆ ಹತ್ತಿ ನೋಡಿದರೆ ಯಾವ ನೆರಳು ಅಂತ ಕಣ್ಣಿಗೇ ಕಾಣುತ್ತದೆ.

ಕೊನೆಗೆ ಸಿಮ್ಯುಲೇಶನ್‌ಗೆ ಕಷ್ಟವಾಗುವ ಎರಡು ವಿಷಯ. ಒಂದು ಪಕ್ಕದ ಖಾಲಿ ಸೈಟ್. 25 ವರ್ಷದ ಲೆಕ್ಕವನ್ನು ಇವತ್ತಿನ ಚಿತ್ರದ ಮೇಲೆ ಹಾಕುತ್ತಾರೆ, ಆದರೆ ಬೆಂಗಳೂರಿನಲ್ಲಿ 30-40 ಸೈಟ್ ಅಷ್ಟು ವರ್ಷ ಖಾಲಿ ಇರುತ್ತದಾ? ದಕ್ಷಿಣದ ಸೈಟ್‌ನಲ್ಲಿ ನಿಮ್ಮ ಟೆರೇಸ್‌ಗಿಂತ 3 ಮೀಟರ್ ಎತ್ತರದ ಗೋಡೆಯನ್ನು ಈಗಲೇ ನಿಲ್ಲಿಸಿ ಇನ್ನೊಮ್ಮೆ ಓಡಿಸಿ. ಡಿಸೆಂಬರ್ ಮಧ್ಯಾಹ್ನ ಅದರ ನೆರಳು 2.2 ಮೀಟರ್ ಒಳಗೆ ಬರುತ್ತದೆ. ಪ್ಯಾನೆಲ್ ಅಷ್ಟು ಹಿಂದಕ್ಕೆ ಇಡಲು ಆಗುತ್ತದಾ ಅನ್ನುವುದನ್ನು ಸ್ಟ್ರಕ್ಚರ್‌ಗೆ ಬೋಲ್ಟ್ ಹಾಕುವ ಮೊದಲೇ ನೋಡಬೇಕು.

ಇನ್ನೊಂದು ತೆಂಗಿನ ಮರ. ಸಾಫ್ಟ್‌ವೇರ್‌ಗೆ ಮರ ಅಂದರೆ ಒಂದು ಗಟ್ಟಿ ಚೆಂಡು. ತೆಂಗಿನ ಗರಿ ಬೆಳಕನ್ನು ಅರ್ಧಂಬರ್ಧ ಬಿಡುತ್ತದೆ, ಗಾಳಿಗೆ ಅಲುಗಾಡುತ್ತದೆ, ನಿಮಿಷಕ್ಕೊಂದು ಗುಂಪನ್ನು ಬಿಡಿಸಿ ಇನ್ನೊಂದನ್ನು ಹಿಡಿಯುತ್ತದೆ. ಗಂಟೆಗೊಂದು ಲೆಕ್ಕ ಹಾಕುವ ಸಿಮ್ಯುಲೇಶನ್‌ಗೆ ಇದು ಕಾಣುವುದೇ ಇಲ್ಲ. ನಾನು ಮಾಡುವುದು ಇಷ್ಟು. ಮರವನ್ನು ಒಮ್ಮೆ ಪೂರ್ತಿ ಗಟ್ಟಿ ಅಂತ, ಇನ್ನೊಮ್ಮೆ ಅರ್ಧ ಬೆಳಕು ಬಿಡುತ್ತದೆ ಅಂತ ಇಟ್ಟು ಎರಡು ಸಲ ಓಡಿಸುತ್ತೇನೆ. ಎರಡೂ ಉತ್ತರವನ್ನು ಪಕ್ಕಪಕ್ಕ ಬರೆದು, ವರ್ಷದ ಯೂನಿಟ್ ಇವೆರಡರ ನಡುವೆ ಎಲ್ಲೋ ಇರುತ್ತದೆ ಅಂತ ಮನೆಯವರಿಗೆ ಹೇಳುತ್ತೇನೆ. ಅವರು ಸಾಲದ ಕಂತು ಲೆಕ್ಕ ಹಾಕುವಾಗ ಕೆಳಗಿನ ಸಂಖ್ಯೆಯನ್ನೇ ಹಿಡಿಯಲಿ ಅಂತ ಕೇಳಿಕೊಳ್ಳುತ್ತೇನೆ.